ಪಡುಗೋಡೆಗೆ ಹಲಗೆಯ ಹೊದಿಕೆ: ನನ್ನ ಅನುಭವ

ಕರಾವಳಿಯ ಉದ್ಯಾವರದಲ್ಲಿರುವ ನಮ್ಮ ಹಿರಿಯರ ಮನೆ ಹಲಸಿನ ಕಂಬ, ತೊಲೆಗಳ ಮೇಲೆ ನಿಂತದ್ದು. ಕಂಬಗಳ ನಡುವೆ ಮಣ್ಣು ಮೆತ್ತಿ ಕಟ್ಟಿದ, ಒಂದಡಿಗೂ ಮಿಕ್ಕಿ ದಪ್ಪದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆಯಿದೆ. ಮಲಗುವ ಕೋಣೆಗಳು ಪಡುಗಡೆಗಿವೆ. ಬೇಸಿಗೆಯಲ್ಲಿ ಇಳಿಹೊತ್ತಿನ ಬಿಸಿಲನ್ನು ಹೀರಿದ ಆ ಗೋಡೆ ರಾತ್ರಿ ಹತ್ತಾದರೂ ಅಂಗೈಗೆ ಬಿಸಿ ತಾಗುತ್ತಿತ್ತು. ಜೂನ್ ಬಂದರೆ ಕಡಲ ಕಡೆಯ ಎರಚಲು ಅದಕ್ಕೇ ಹೊಡೆದು, ಒಳಗಿನ ಸುಣ್ಣ ಹಪ್ಪಳದಂತೆ ಏಳುತ್ತಿತ್ತು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಸೆಕೆಗೊಂದು, ತೇವಕ್ಕೊಂದು ಎಂದು ಪ್ರತ್ಯೇಕ ಉಪಾಯ ಹುಡುಕಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ.

ಅಜ್ಜನ ಕಾಲದಲ್ಲಿ ಮಳೆಗೆ ಮುಂಚೆ ಆ ಗೋಡೆಗೆ ಹೊರಗಿನಿಂದ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಪ್ರತಿವರ್ಷದ ಆ ಕೆಲಸ ತಪ್ಪಲೆಂದು ತಂದೆಯವರು ಸಿಮೆಂಟ್ ಗಾರೆ ಮಾಡಿಸಿದರು. ದೀಪಾವಳಿ ಕಳೆದ ಮೇಲೆ ನಾನು ಅದನ್ನು ಉಳಿಯಿಂದ ಎಬ್ಬಿಸಿದಾಗ ಅದು ತಗಡಿನಂತೆ ಹಾಳೆ ಹಾಳೆಯಾಗಿ ಕಳಚಿತು. ಬಿರುಕಿನಿಂದ ಒಳಹೊಕ್ಕ ನೀರು ಹೊರಬರಲು ದಾರಿಯಿಲ್ಲದೆ ಹಿಂದಿನ ಕಲ್ಲು ಇನ್ನೂ ಒದ್ದೆಯಾಗಿತ್ತು. ಮೂಲೆಗಂಬದ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಅದು ಎರಡು ಇಂಚು ಸಲೀಸಾಗಿ ಒಳಗೆ ಹೋಯಿತು. “ಕಂಬ ಮೇಲೆ ಗಟ್ಟಿಯುಂಟು ಅಣ್ಣಾ, ಕಾಲು ಮಾತ್ರ ಹೋಗಿದೆ,” ಎಂದರು ಆಚಾರಿ. ತೊಲೆಗೆ ಊರೆ (ತಾತ್ಕಾಲಿಕ ಆಸರೆ) ಕೊಟ್ಟು, ಕೊಳೆತ ಭಾಗವನ್ನು ಕತ್ತರಿಸಿ, ಒಣಗಿದ ಹಲಸಿನ ತುಂಡನ್ನು ಕಚ್ಚು ಮಾಡಿ ಕೂಡಿಸಿದ ಅವರು ಅದನ್ನು ಶಿಲೆಕಲ್ಲಿನ ಮೇಲೆ ನಿಲ್ಲಿಸಿದರು. ಇಡೀ ಕೆಲಸದಲ್ಲಿ ನಾನು ಹೆಚ್ಚು ಹೆದರಿದ್ದು ಆ ಒಂದು ದಿನ.

ಸೆಕೆ ತಡೆಯಲು ಒಳಬದಿಗೆ ಥರ್ಮಾಕೋಲ್ ಅಂಟಿಸಿ ಮುಚ್ಚುವಂತೆ ಸಲಹೆ ಬಂದಿತ್ತು. ನಾನು ಒಪ್ಪಲಿಲ್ಲ. ಕಲ್ಲು ಬಿಸಿಲಿಗೂ ಮಳೆಗೂ ಒಡ್ಡಿಕೊಂಡೇ ಇರುತ್ತದೆ, ಒಳಬದಿಗೆ ಆರುವ ದಾರಿಯೂ ಮುಚ್ಚಿಹೋಗುತ್ತದೆ. ಅಜ್ಜನ ತಟ್ಟಿಯನ್ನೇ ಹಲಗೆಯಿಂದ ಶಾಶ್ವತವಾಗಿ ಕಟ್ಟುವುದು ಸರಿಯೆನಿಸಿತು.

ಗೋಡೆಯನ್ನು ಜನವರಿ ಕೊನೆಯವರೆಗೂ ಆರಲು ಬಿಟ್ಟು, ವಾರಗಟ್ಟಲೆ ನೀರಿನಲ್ಲಿ ನೆನೆಸಿಟ್ಟ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಬೆರೆಸಿದ ಗಾರೆಯನ್ನು ಎರಡು ತೆಳು ಪದರಗಳಲ್ಲಿ ಮೆತ್ತಿದೆವು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಗಟ್ಟಿಯಾಗುವುದರಿಂದ ಬಿಸಿಲು ನೇರ ಬೀಳದಂತೆ ಗೋಣಿ ಇಳಿಬಿಟ್ಟು, ದಿನವೂ ನೀರು ಚಿಮುಕಿಸಬೇಕಾಯಿತು. ಅವಸರ ಮಾಡಿದ ಒಂದು ಮೂಲೆ ಬಿರುಕು ಬಿಟ್ಟಿದ್ದರಿಂದ ಅದನ್ನು ಕೆರೆದು ಮತ್ತೆ ಮೆತ್ತಿದೆ.

ಗಾರೆ ಗಟ್ಟಿಯಾದ ಬಳಿಕ ಎರಡು ಇಂಚಿನ ರೀಪುಗಳನ್ನು (ಮರದ ಪಟ್ಟಿಗಳನ್ನು) ಕಂಬ, ತೊಲೆಗಳಿಗೆ ಹಿಡಿಯುವಂತೆ ನೆಟ್ಟಗೆ ಬಿಗಿದು, ಅವುಗಳ ಮೇಲೆ ಹಲಗೆಗಳನ್ನು ಅಡ್ಡಡ್ಡಲಾಗಿ, ಮೇಲಿನದು ಕೆಳಗಿನದರ ಅಂಚನ್ನು ಮುಚ್ಚುವಂತೆ ಜೋಡಿಸಿದೆವು. ಉಪ್ಪುಗಾಳಿಗೆ ಸಾದಾ ಮೊಳೆ ಬಾಳುವುದಿಲ್ಲವಾದ್ದರಿಂದ ಎಲ್ಲೆಡೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳನ್ನೇ ಹಾಕಿದ್ದೇನೆ. ಹೊದಿಕೆಯ ಬುಡವನ್ನೂ ಮಾಡಿನ ಅಂಚಿನ ಕೆಳಗಿನ ತುದಿಯನ್ನೂ ತೆರೆದಿಟ್ಟು, ಇಲಿ ನುಗ್ಗದಂತೆ ಬಲೆ ಮಾತ್ರ ಕೊಟ್ಟಿದ್ದೇನೆ. ಬಿಸಿಲಿಗೆ ಕಾಯುವುದು ಹಲಗೆ. ನಡುವಿನ ಗಾಳಿ ಬಿಸಿಯಾಗಿ ಮೇಲಿನಿಂದ ಹೊರಟುಹೋದಂತೆ ಕೆಳಗಿನಿಂದ ಬೇರೆ ಗಾಳಿ ಬರುತ್ತದೆ. ಮಳೆಗಾಲದಲ್ಲಿ ಸಂದಿಯಿಂದ ನುಸುಳಿದ ಹನಿಗಳೂ ಹಲಗೆಯ ಬೆನ್ನಿನ ಮೇಲೇ ಇಳಿದುಹೋಗುತ್ತವೆ.

ಗೋಡೆ ಈಗ ರಾತ್ರಿ ಬಿಸಿಯಾಗಿರುವುದಿಲ್ಲ. ಹಲಗೆಯನ್ನು ನೆಲದಿಂದ ಒಂದಡಿ ಮೇಲಕ್ಕೇ ನಿಲ್ಲಿಸಿರುವುದರಿಂದ ಗೆದ್ದಲು ಏರಿದರೆ ಅದರ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ಮೂಲೆಯ ಕೆಳಹಲಗೆಯನ್ನು ಬಿಚ್ಚಿ ತೆಗೆಯುವಂತೆ ಮಾಡಿಟ್ಟಿದ್ದೇನೆ; ಪ್ರತಿ ಮೇ ತಿಂಗಳಲ್ಲಿ ಅದನ್ನು ಸರಿಸಿ, ಆಚಾರಿ ಕೂಡಿಸಿದ ಕಚ್ಚನ್ನು ಬೆರಳಿನಿಂದ ಒತ್ತಿ ನೋಡುತ್ತೇನೆ.