ಶಿಮ್ಲಾಕ್ಕೆ ಹೊರಡುವ ಮೊದಲು ಮೆಟ್ಟಿಲು ಎಷ್ಟು ಅಂತ ಕೇಳಿ

ಕುಮಟಾದಿಂದ ನಾವು ಐದು ಜನ ಹೋಗಿದ್ದು. ನಾನು, ನಮ್ಮನೆಯವರು, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅತ್ತೆ. ವಾಪಸ್ ಬಂದ ಮೇಲೆ ಎಲ್ಲರೂ ಕೇಳಿದ್ದು "ಚಳಿ ಎಷ್ಟಿತ್ತು?" ಅಂತ. ಚಳಿ ಬಿಡಿ, ಸ್ವೆಟರ್ ಹಾಕಿದರೆ ಆಯಿತು. ನಮ್ಮನ್ನು ಸುಸ್ತು ಮಾಡಿದ್ದು ಮೆಟ್ಟಿಲು.

ಶಿಮ್ಲಾದ ಮುಖ್ಯ ಪೇಟೆಬೀದಿ ಮಾಲ್ ರೋಡಿಗೆ ನಮ್ಮ ನಿಮ್ಮ ಕಾರು ಬಿಡುವುದಿಲ್ಲ. ಕೆಳಗೆ ಕಾರ್ಟ್ ರೋಡಿನಲ್ಲೇ ಇಳಿಯಬೇಕು. ಹೋಟೆಲಿನವನು ಫೋನಿನಲ್ಲಿ "ಮಾಲ್‌ಗೆ ಐದೇ ನಿಮಿಷ" ಅಂದಿದ್ದ. ಸುಳ್ಳೇನಲ್ಲ, ಆದರೆ ಆ ಐದು ನಿಮಿಷ ಪೂರ್ತಿ ಮೆಟ್ಟಿಲೇ. ಮಗ ಎಣಿಸಿದ, 84. ಅತ್ತೆ ಮೂವತ್ತನೆಯದಕ್ಕೆ ಕೂತುಬಿಟ್ಟರು. "ನೀವು ಹೋಗಿ ಬನ್ನಿ, ನಾ ಇಲ್ಲೇ ಇರ್ತೆ" ಅಂದರು.

ಹಾಗಾಗಿ ದುಡ್ಡು ಕಟ್ಟುವ ಮೊದಲೇ ಕೇಳಿ: ಕಾರು ಬಾಗಿಲ ತನಕ ಬರುತ್ತದಾ? ಅಲ್ಲಿಂದ ಎಷ್ಟು ಮೆಟ್ಟಿಲು? ರೂಮು ಯಾವ ಮಹಡಿ? ಗುಡ್ಡಕ್ಕೆ ಆನಿಸಿ ಕಟ್ಟಿದ ಕಟ್ಟಡಗಳು ಅವು. ರಿಸೆಪ್ಷನ್ ರಸ್ತೆ ಮಟ್ಟದಲ್ಲಿ, ರೂಮು ಮೂರು ಮಹಡಿ ಕೆಳಗೆ ಇರುವುದೂ ಉಂಟು. ಕಾರ್ಟ್ ರೋಡಿನಿಂದ ಮಾಲ್‌ಗೆ ಟಿಕೆಟ್ ಕೊಟ್ಟು ಹತ್ತುವ ಲಿಫ್ಟ್ ಇದೆ. ಅದರ ಹತ್ತಿರ ರೂಮು ಸಿಕ್ಕರೆ ಸ್ವಲ್ಪ ಜಾಸ್ತಿ ಆದರೂ ಹಿಡಿದುಬಿಡಿ.

ಹೋಗುವುದಕ್ಕೆ ರೈಲೇ ಒಳ್ಳೆಯದು. ಮಡಗಾಂವ್‌ನಿಂದ ಚಂಡೀಗಢಕ್ಕೆ ಗೋವಾ ಸಂಪರ್ಕ ಕ್ರಾಂತಿ ಇದೆ, ದಿನಾ ಇಲ್ಲ. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಮೇ ರಜೆಗೆ ಹೋಗುವವರು ಆ ದಿನ ಬೆಳಿಗ್ಗೆಯೇ ಕೂರಬೇಕು. ಚಂಡೀಗಢದಲ್ಲಿ ಒಂದು ರಾತ್ರಿ ಮಲಗಿ, ಮರುದಿನ ಕಾಲ್ಕಾದಿಂದ ಶಿಮ್ಲಾಕ್ಕೆ ಹೋಗುವ ಪುಟಾಣಿ ರೈಲು ಹತ್ತಿ. ಅದಕ್ಕೂ ಮೊದಲೇ ಟಿಕೆಟ್ ಮಾಡಿಸಿ. 1903ರಿಂದ ಓಡುತ್ತಿರುವ ಗಾಡಿ. 96 ಕಿಲೋಮೀಟರ್, 102 ಸುರಂಗ. ಮಕ್ಕಳು ಎಣಿಸಲು ಶುರು ಮಾಡಿ ನಲವತ್ತರ ಹೊತ್ತಿಗೆ ನಿದ್ದೆ ಹೋದರು. ಎಲ್ಲಕ್ಕಿಂತ ಉದ್ದ ಬರೋಗ್ ಸುರಂಗ, 1143 ಮೀಟರ್. ಕೊಂಕಣ ರೈಲ್ವೆಯ ಕರ್ಬುಡೆ ಸುರಂಗ ಆರೂವರೆ ಕಿಲೋಮೀಟರ್ ಇದೆಯಲ್ಲ, ಅದನ್ನು ದಾಟಿ ಬಂದ ಅತ್ತೆಗೆ ಇದು ಲೆಕ್ಕಕ್ಕೇ ಇಲ್ಲ.

ಶಿಮ್ಲಾದಿಂದ ಮನಾಲಿಗೆ ಸುಮಾರು 250 ಕಿಲೋಮೀಟರ್. ನಕ್ಷೆ ನೋಡಿ ಮೋಸ ಹೋಗಬೇಡಿ, ಒಂದು ಇಡೀ ದಿನ ಬೇಕು. ನನ್ನ ಪರೀಕ್ಷೆ ಸುಲಭ: ಶಿರಸಿಗೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ವಾಂತಿ ಮಾಡುವ ಮಗು ಇಲ್ಲೂ ಮಾಡುತ್ತದೆ. ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ, ಬೆಳಿಗ್ಗೆ ಹೊಟ್ಟೆ ತುಂಬ ಪರಾಠ ತಿನ್ನಿಸಬೇಡಿ. ಎರಡೂ ಊರಿಗೆ ಮೂರು ಮೂರು ರಾತ್ರಿಯಾದರೂ ಇಡಿ. ಏಳು ದಿನದಲ್ಲಿ ಐದು ಊರು ತೋರಿಸುವ ಪ್ಯಾಕೇಜು ಅಂದರೆ ಸುಮ್ನೆ ಕಾರಿನ ಸೀಟು ನೋಡಿ ಬರುವುದು.

ಹಿಮ ಮುಟ್ಟಬೇಕು ಅಂತ ಮಕ್ಕಳ ಹಟ. ಮನಾಲಿಯ ಮೇಲಿನ ರೋಹ್‌ತಾಂಗ್ ಪಾಸ್ 3978 ಮೀಟರ್ ಎತ್ತರ, ಪರ್ಮಿಟ್ ಬೇರೆ ಬೇಕು. ಬಿಪಿ ಇರುವ ಅತ್ತೆಯನ್ನು ಅಲ್ಲಿಗೆ ಹತ್ತಿಸಲು ನನಗೆ ಧೈರ್ಯ ಬರಲಿಲ್ಲ. 2020ರಲ್ಲಿ ತೆರೆದ ಅಟಲ್ ಸುರಂಗ ದಾಟಿ ಸಿಸ್ಸು ಅನ್ನುವ ಹಳ್ಳಿಗೆ ಹೋದೆವು. ಒಂಬತ್ತು ಕಿಲೋಮೀಟರ್ ಸುರಂಗದ ಆಚೆ ಬೇರೆಯದೇ ಲೋಕ. ಜುಲೈ, ಆಗಸ್ಟಿನಲ್ಲಿ ಮಾತ್ರ ಹೋಗಲೇಬೇಡಿ, ಗುಡ್ಡ ಕುಸಿಯುವ ಕಾಲ. ನಮಗೆ ಮಳೆ ಮನೆಯಲ್ಲೇ ಬೇಕಷ್ಟಿದೆ, ಅಲ್ವಾ?

ಊಟಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಿರಿ. ರಾಜ್ಮಾ ಅನ್ನಕ್ಕೆ ಅದು ಎಷ್ಟು ಹೊಂದುತ್ತದೆ ಅಂದರೆ ನಾಲ್ಕನೇ ದಿನಕ್ಕೆ ಖಾಲಿ. ಗಟ್ಟಿ ಮುಚ್ಚಳದ ಡಬ್ಬಿಯಲ್ಲೇ ಹಾಕಿ, ನನ್ನ ಒಂದು ಚೂಡಿದಾರ್ ಹಾಳಾಯಿತು. ತುಪ್ಪ ಹಾಕಿಕೊಡುವ ಬಿಸಿ ಸಿಡ್ಡು, ಅಂದರೆ ಅಲ್ಲಿನ ಹಬೆಯಲ್ಲಿ ಬೇಯಿಸಿದ ಗೋಧಿ ರೊಟ್ಟಿ, ಅತ್ತೆಗೂ ಹಿಡಿಸಿತು.

ತೆಂಗಿನೆಣ್ಣೆಯನ್ನು ಸಣ್ಣ ಬಾಯಿಯ ಬಾಟಲಿಯಲ್ಲಿ ಒಯ್ಯಬೇಡಿ. 24 ಡಿಗ್ರಿಗಿಂತ ತಣ್ಣಗಾದರೆ ಅದು ಹೆಪ್ಪುಗಟ್ಟುತ್ತದೆ. ಕುಮಟಾದಲ್ಲಿ ಇದೆಲ್ಲ ಯಾರಿಗೆ ನೆನಪಿರುತ್ತದೆ? ನಮ್ಮದು ಕಲ್ಲಿನಂತೆ ಗಟ್ಟಿ, ತಲೆ ಕೆಳಗೆ ಮಾಡಿದರೂ ಒಂದು ಹನಿ ಬರಲಿಲ್ಲ. ಆಮೇಲೆ ಅತ್ತೆ ದಿನಾ ರಾತ್ರಿ ಬಾಟಲಿಯನ್ನು ರಜಾಯಿಯೊಳಗೆ ಇಟ್ಟುಕೊಂಡೇ ಮಲಗಿದರು.