ಅಣ್ಣಾ, ಯಾವ ಕೋರ್ಸ್ ಮಾಡ್ಲಿ?

ಊರಿಂದ ನೆಟ್‌ವರ್ಕ್ ಎಂಜಿನಿಯರ್ ಕೆಲಸ ಹುಡುಕಿಕೊಂಡು ಮುಂಬೈ, ಪುಣೆಗೆ ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಇದೇ. ಸಿಸಿಎನ್ಎ (ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟ್) ಆಯ್ತು, ಮುಂದೇನು? ಪೈಥಾನ್ ಪ್ರೋಗ್ರಾಮಿಂಗ್ ಕಲೀಬೇಕಾ? ಸೀದಾ ಕ್ಲೌಡ್‌ಗೇ ಹೋಗಿಬಿಡ್ಲಾ? ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ನಿನ್ನ ಲ್ಯಾಪ್‌ಟಾಪಿನಿಂದ ಬ್ಯಾಂಕಿನ ವೆಬ್‌ಸೈಟ್ ತೆರೆದೆ. ಅದಕ್ಕಾಗಿ ಹೊರಟ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಎಲ್ಲೆಲ್ಲಿ ಹೋಯಿತು, ಪ್ರತಿ ಹೆಜ್ಜೆಯಲ್ಲಿ ಅದರಲ್ಲಿ ಏನು ಬದಲಾಯಿತು, ಒಂದು ಹಾಳೆಯ ಮೇಲೆ ಬರೆದು ತೋರಿಸು. ಕೆಲಸಕ್ಕೆ ಬಂದವರನ್ನು ಸಂದರ್ಶನ ಮಾಡುವಾಗಲೂ ಇದನ್ನೇ ಕೇಳುತ್ತೇನೆ. ನಾಲ್ಕು ಸರ್ಟಿಫಿಕೇಟ್ ಇದ್ದವರು ಎಆರ್‌ಪಿ (ಐಪಿ ವಿಳಾಸದಿಂದ ಪಕ್ಕದ ಸಾಧನದ ಹಾರ್ಡ್‌ವೇರ್ ವಿಳಾಸ ಹುಡುಕುವ ಮೊದಲ ಹೆಜ್ಜೆ) ಹತ್ತಿರವೇ ನಿಂತುಬಿಟ್ಟದ್ದನ್ನು ನೋಡಿದ್ದೇನೆ. ಏನೂ ಇಲ್ಲದವರು ಇಡೀ ಹಾಳೆ ತುಂಬಿಸಿದ್ದನ್ನೂ ನೋಡಿದ್ದೇನೆ.

ನಾನು ಬಂದದ್ದು 2008ರಲ್ಲಿ, ಆಗಿನ ಬಿಜಾಪುರದಿಂದ. ನವಿ ಮುಂಬೈನ ಘಣಸೋಲಿಯಲ್ಲಿ ನಾಲ್ಕು ಜನರ ರೂಮು. ಷೇರು ಬ್ರೋಕರ್‌ಗಳ ನೆಟ್‌ವರ್ಕ್ ನೋಡಿಕೊಳ್ಳುವ ಒಂದು ಸಂಸ್ಥೆಯಲ್ಲಿ ರಾತ್ರಿ ಪಾಳಿ. ಆಫೀಸು ಮುಂಬೈನ ಫೋರ್ಟ್‌ನಲ್ಲಿ, ಕಂಪ್ಯೂಟರ್‌ಗಳನ್ನು ಜೋಡಿಸುವ ಸ್ವಿಚ್ಚುಗಳೆಲ್ಲ ನವಿ ಮುಂಬೈನ ಮಹಾಪೆಯ ಡೇಟಾ ಸೆಂಟರ್‌ನಲ್ಲಿ. ಷೇರು ಪೇಟೆ ಬೆಳಿಗ್ಗೆ ತೆರೆಯುವ ಮೊದಲು ಎಲ್ಲವೂ ಸರಿ ಇರಬೇಕು. ಅದಕ್ಕೇ ಬದಲಾವಣೆಯ ಕೆಲಸ ಏನಿದ್ದರೂ ರಾತ್ರಿಯೇ.

ಕೆಲಸಕ್ಕೆ ಸೇರಿ ವರ್ಷ ಆಗಿತ್ತು. ಒಂದೇ ಸ್ವಿಚ್ಚಿನೊಳಗೆ ಮಾಡುವ ಬೇರೆ ಬೇರೆ ನೆಟ್‌ವರ್ಕಿಗೆ ವಿಲ್ಯಾನ್ ಅನ್ನುತ್ತಾರೆ, ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಒಯ್ಯುವ ಕೊಂಡಿಗೆ ಟ್ರಂಕ್. ಒಂದು ಟ್ರಂಕ್ ಮೇಲೆ ಹೊಸ ವಿಲ್ಯಾನ್ 40 ಸೇರಿಸಬೇಕಿತ್ತು. ಅದರ ಮೇಲೆ ಆಗಲೇ ಬೇರೆ ವಿಲ್ಯಾನ್‌ಗಳು ಓಡುತ್ತಿದ್ದವು. ಸಿಸ್ಕೋ ಸ್ವಿಚ್ಚಿನಲ್ಲಿ 'ಅಲೌಡ್ ವಿಲ್ಯಾನ್' ಆದ ಮೇಲೆ 'ಆಡ್' ಅಂತ ಬರೆದು ಆಮೇಲೆ 40 ಹಾಕಬೇಕು. ನಾನು 'ಆಡ್' ಬಿಟ್ಟು ನೇರ 40 ಹಾಕಿದೆ. ಹಾಗೆ ಹಾಕಿದರೆ ಹಳೆಯ ಪಟ್ಟಿ ಅಳಿಸಿಹೋಗಿ 40 ಮಾತ್ರ ಉಳಿಯುತ್ತದೆ. ನಾನು ಆ ಸ್ವಿಚ್ಚಿಗೆ ಲಾಗಿನ್ ಆಗಿದ್ದ ವಿಲ್ಯಾನ್ ಕೂಡ ಹೋಯಿತು. ಪರದೆ ಅಲ್ಲೇ ನಿಂತಿತು. ಮಾನಿಟರಿಂಗ್‌ನಲ್ಲಿ ಒಂದಾದ ಮೇಲೊಂದು ಕೆಂಪು.

ಪಾಳಿಯ ಹಿರಿಯರು ಮಂಗಳೂರು ಕಡೆಯವರು. ಪಕ್ಕದಲ್ಲೇ ಇದ್ದರು. ನನ್ನ ಮುಖ ನೋಡಿಯೇ ಕೇಳಿದರು, "ಮಾರಾಯ, ಆಡ್ ಹಾಕಿದ್ಯಾ?"

"ಇಲ್ಲ ಸರ್. ಮರೆತೆ."

"ರೈಟ್ ಕೊಟ್ಟಿದ್ಯಾ?"

"ಇಲ್ಲ."

"ಒಳ್ಳೇದಾಯ್ತು. ಡೇಟಾ ಸೆಂಟರ್‌ಗೆ ಫೋನ್ ಮಾಡು. ಯಾವ ರ‍್ಯಾಕು, ಯಾವ ಸ್ವಿಚ್ಚು ಅಂತ ಸರಿಯಾಗಿ ಹೇಳು. ಪವರ್ ತೆಗೆದು ಹಾಕಲಿ."

'ರೈಟ್' ಅಂದರೆ ಸೇವ್ ಮಾಡುವ ಕಮಾಂಡ್. ಅದನ್ನು ಕೊಡದ್ದರಿಂದ ಬದಲಾವಣೆ ಸೇವ್ ಆಗಿರಲಿಲ್ಲ. ಹಾಗಾಗಿ ಸ್ವಿಚ್ಚು ಮತ್ತೆ ಎದ್ದಾಗ ಹಳೆಯ ಕಾನ್ಫಿಗರೇಶನ್ನಿನೊಂದಿಗೇ ಎದ್ದಿತು. ಅರ್ಧ ಗಂಟೆಯಲ್ಲಿ ಎಲ್ಲ ಸರಿಯಾಯಿತು. ಆ ಅರ್ಧ ಗಂಟೆಯಲ್ಲಿ ಅವರು ನನಗೆ ಒಂದು ಬೈಗುಳವನ್ನೂ ಹೇಳಲಿಲ್ಲ. ಬೆಳಿಗ್ಗೆ ರಿಪೋರ್ಟ್ ಬರೆಯುವಾಗ ಮಾತ್ರ ಪಕ್ಕ ಕೂತು, "ಏನು ಟೈಪ್ ಮಾಡಿದೆಯೋ ಅದನ್ನೇ ಬರಿ, ಒಂದಕ್ಷರ ಬದಲಿಸಬೇಡ" ಅಂದರು. ತಪ್ಪು ಮಾಡಿದವನು ಮೊದಲ ನಿಮಿಷದಲ್ಲೇ ಹೇಳಿದರೆ ಅರ್ಧ ಗಂಟೆಯ ಕೆಲಸ. ಮುಚ್ಚಿಟ್ಟರೆ ಬೇರೆಯವರು ರಾತ್ರಿಯೆಲ್ಲ ಕೇಬಲ್ ಹುಡುಕುತ್ತಾರೆ. ಈಗ ನನ್ನ ಕೈಕೆಳಗೆ ಕೆಲಸ ಮಾಡುವವರಿಂದ ನಾನು ಇಷ್ಟನ್ನೇ ಬಯಸುತ್ತೇನೆ.

ಅಂದಿನಿಂದ ದೂರದ ಸಾಧನ ಮುಟ್ಟುವ ಮೊದಲು 'ರೀಲೋಡ್ ಇನ್ 10' ಕೊಡುತ್ತೇನೆ. ಸಂಪರ್ಕ ಕಳೆದುಕೊಂಡರೆ ಹತ್ತು ನಿಮಿಷಕ್ಕೆ ಅದೇ ರೀಬೂಟ್ ಆಗಿ ಹಳೆಯ ಸ್ಥಿತಿಗೆ ಬರುತ್ತದೆ. ಎಲ್ಲ ಸರಿ ಇದ್ದರೆ ರದ್ದು ಮಾಡಿ ಸೇವ್ ಮಾಡಬೇಕು. ಜೂನಿಪರ್ ಕಂಪನಿಯ ಸಾಧನದಲ್ಲಾದರೆ 'ಕಮಿಟ್ ಕನ್ಫರ್ಮ್ಡ್' ಇದೆ. ಖಚಿತಪಡಿಸದಿದ್ದರೆ ಅದೇ ಹಳೆಯ ಸ್ಥಿತಿಗೆ ಮರಳುತ್ತದೆ, ಅಲ್ಲಿ ರೀಬೂಟ್ ಕೂಡ ಬೇಕಿಲ್ಲ.

ಆದರೆ ನನ್ನನ್ನು ನಿಜವಾಗಿ ಎಂಜಿನಿಯರ್ ಮಾಡಿದ್ದು ಹುಬ್ಬಳ್ಳಿಯ ಒಂದು ಶಾಖೆ. ಮುಂಬೈನಿಂದ ಅಲ್ಲಿಗೆ ಜಿಆರ್‌ಇ ಟನಲ್ ಇತ್ತು, ಅಂದರೆ ಒಂದು ಪ್ಯಾಕೆಟ್ಟನ್ನು ಇನ್ನೊಂದರೊಳಗೆ ಸುತ್ತಿ ಕಳಿಸುವ ದಾರಿ. ಅಲ್ಲಿನ ಮ್ಯಾನೇಜರ್ ದಿನಾ ಫೋನ್ ಮಾಡುತ್ತಿದ್ದರು. "ಪಿಂಗ್ ಹೊಂಟೈತ್ರಿ, ಲಾಗಿನ್ ಪೇಜೂ ತೆರೀತೈತಿ, ರಿಪೋರ್ಟ್ ಮಾತ್ರ ಬರವಲ್ದು." ಸರ್ವರ್ ನೋಡಿಕೊಳ್ಳುವವರು ನೆಟ್‌ವರ್ಕ್ ಕಡೆ ಕೈ ತೋರಿಸಿದರು. ನಾವು ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತದಾ ಅಂತ ನೋಡುವ ಪರೀಕ್ಷೆ) ತೋರಿಸಿ ನೆಟ್‌ವರ್ಕ್ ಸರಿ ಇದೆ ಅಂದೆವು. ಒಂದು ವಾರ ಹೀಗೇ ಹೋಯಿತು.

ಕೊನೆಗೆ ನಾನು ಹಾಳೆ ತೆಗೆದುಕೊಂಡು ದಾರಿ ಬರೆಯಲು ಕೂತೆ. ಸರ್ವರ್, ಫೈರ್‌ವಾಲ್, ರೂಟರ್, ಟನಲ್, ಶಾಖೆ. ಟನಲ್ ಹತ್ತಿರ ಬಂದಾಗ ಹೊಳೆಯಿತು. ಎತರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್ ಇರಬಹುದು. ಜಿಆರ್‌ಇ ತನ್ನ ಹೊದಿಕೆಗೆ 24 ಬೈಟ್ ತೆಗೆದುಕೊಳ್ಳುತ್ತದೆ. ಉಳಿದದ್ದು 1476. ಸರ್ವರ್‌ನಿಂದಲೇ, ತುಂಡು ಮಾಡಬೇಡ ಎಂಬ ಗುರುತು ಹಾಕಿ, ಬೇರೆ ಬೇರೆ ಅಳತೆಯ ಪಿಂಗ್ ಬಿಟ್ಟೆ. 1448 ಹೋಯಿತು. 1449 ಹೋಗಲಿಲ್ಲ. 1448ಕ್ಕೆ ಐಪಿ ಮತ್ತು ಐಸಿಎಂಪಿ (ಪಿಂಗ್, ದೋಷದ ಸಂದೇಶಗಳನ್ನು ಒಯ್ಯುವ ನಿಯಮ) ತಲೆಬರಹದ 28 ಕೂಡಿಸಿ, ಸರಿಯಾಗಿ 1476! ದೊಡ್ಡ ಪ್ಯಾಕೆಟ್ ಬಂದಾಗ ರೂಟರ್ "ಇದು ಹಿಡಿಸುವುದಿಲ್ಲ, ಚಿಕ್ಕದು ಮಾಡು" ಅಂತ ಸರ್ವರ್‌ಗೆ ಐಸಿಎಂಪಿ ಸಂದೇಶ ಕಳಿಸುತ್ತಿತ್ತು. ನಡುವಿನ ಫೈರ್‌ವಾಲ್‌ನಲ್ಲಿ ಪಿಂಗ್‌ಗೆ ಮಾತ್ರ ಅನುಮತಿ ಇತ್ತು, ಈ ಸಂದೇಶಕ್ಕೆ ಇರಲಿಲ್ಲ. ಸರ್ವರ್‌ಗೆ ವಿಷಯವೇ ತಿಳಿಯದೆ ಅದೇ ದೊಡ್ಡ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಿತ್ತು. ಟಿಸಿಪಿ ಎಂಎಸ್‌ಎಸ್ (ತಲೆಬರಹ ಬಿಟ್ಟು ಒಂದು ಪ್ಯಾಕೆಟ್ಟಿನಲ್ಲಿ ಹೋಗುವ ಮಾಹಿತಿಯ ಗರಿಷ್ಠ ಅಳತೆ) 1436 ಮಾಡಿದೆ, ಫೈರ್‌ವಾಲ್‌ನಲ್ಲಿ ಆ ಸಂದೇಶಕ್ಕೂ ದಾರಿ ಬಿಡಿಸಿದೆ. ಸಂಜೆ ಹುಬ್ಬಳ್ಳಿಯಿಂದ ಫೋನ್ ಬಂತು. "ಬಂತ್ರಿ ರಿಪೋರ್ಟ್!" ಆ ದನಿ ಇವತ್ತಿಗೂ ಕಿವಿಯಲ್ಲಿದೆ.

ಆ ತಿಂಗಳ ಸಂಬಳದಲ್ಲಿ ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಅಭ್ಯಾಸಕ್ಕೆ ಹಳೆಯ ಸಿಸ್ಕೋ 2950 ಸ್ವಿಚ್ಚು ಎರಡು ತಂದೆ. ಗ್ರಾಂಟ್ ರೋಡಿನಿಂದ ದಾದರ್, ಅಲ್ಲಿಂದ ಠಾಣೆ, ಆಮೇಲೆ ಘಣಸೋಲಿ. ಲೋಕಲ್‌ನ ಗರ್ದಿಯಲ್ಲಿ ಚೀಲ ಎದೆಗೆ ಒತ್ತಿಕೊಂಡು ನಿಂತಿದ್ದೆ. ಈಗ ಅಷ್ಟು ಕಷ್ಟ ಬೇಡ. ನೆಟ್‌ವರ್ಕಿನ ನಕಲು ಕಟ್ಟುವ ತಂತ್ರಾಂಶಗಳಾದ ಜಿಎನ್ಎಸ್3, ಈವ್-ಎನ್‌ಜಿ ಲ್ಯಾಪ್‌ಟಾಪಿನಲ್ಲೇ ಓಡುತ್ತವೆ. ಬೇಕಾದಷ್ಟು ಸಲ ಕೆಡಿಸಿ ನೋಡಬಹುದು.

ಸರ್ಟಿಫಿಕೇಟ್ ಬೇಡ ಅಂತ ನಾನು ಹೇಳುವುದಿಲ್ಲ. ಸಿಸಿಎನ್ಎ ಮಾಡಿ. ಊರಿಂದ ಬಂದವರಿಗೆ ಮೊದಲ ಬಾಗಿಲು ಅದರಿಂದಲೇ ತೆರೆಯುತ್ತದೆ, ನನಗೂ ಹಾಗೇ ತೆರೆದದ್ದು. ಅದಾದ ಮೇಲೆ ಎರಡು ವರ್ಷ ಪಾಳಿಯಲ್ಲಿ ಕೂತು ಟಿಕೆಟ್, ಅಂದರೆ ಬಂದ ದೂರುಗಳನ್ನು, ಬಿಡಿಸಿ. ಅದಕ್ಕಿಂತ ಜಾಸ್ತಿ ರಾತ್ರಿ ಪಾಳಿ ಬೇಡ. ನಾನು ನಾಲ್ಕು ವರ್ಷ ಮಾಡಿದೆ. ಕೊನೆಯ ಎರಡು ವರ್ಷ ಕಲಿತದ್ದು ಕಡಿಮೆ, ನಿದ್ದೆ ಕಳೆದುಕೊಂಡದ್ದೇ ಜಾಸ್ತಿ.

ಅಮೆಜಾನ್ ತನ್ನ ಕ್ಲೌಡ್‌ನ ಮುಂಬೈ ರೀಜನ್ ತೆರೆದದ್ದು 2016ರಲ್ಲಿ. ಇನ್ನು ನೆಟ್‌ವರ್ಕ್‌ನವರ ಕಾಲ ಮುಗಿಯಿತು ಅಂತ ನಮ್ಮ ಆಫೀಸಿನಲ್ಲೂ ಮಾತಾಡಿದರು. ನನಗೂ ಭಯ ಆಗಿತ್ತು. ಆದರೆ ಕ್ಲೌಡ್‌ನಲ್ಲಿ ನನಗೆ ಸಿಕ್ಕ ಮೊದಲ ಸಮಸ್ಯೆ ಏನು ಗೊತ್ತಾ? ಜೋಡಿಸಬೇಕಿದ್ದ ಎರಡು ನೆಟ್‌ವರ್ಕ್‌ನವರೂ ಒಂದೇ 10.0.0.0/16 ವಿಳಾಸಗಳ ಗುಂಪು ಇಟ್ಟುಕೊಂಡಿದ್ದರು. ಜೋಡಿಸಲು ಆಗುತ್ತಿರಲಿಲ್ಲ. ಅಲ್ಲೂ ರೂಟ್ ಟೇಬಲ್ (ದಾರಿಗಳ ಪಟ್ಟಿ) ಇದೆ, ಅಲ್ಲೂ ಸಬ್‌ನೆಟ್ (ವಿಳಾಸಗಳ ಗುಂಪು) ಇದೆ. ಹಾಳೆ ಪೆನ್ನು ಅಲ್ಲೂ ಕೆಲಸಕ್ಕೆ ಬಂತು.

ಪೈಥಾನ್ ಖಂಡಿತ ಕಲಿಯಿರಿ. ಆದರೆ ಮೊದಲ ಸ್ಕ್ರಿಪ್ಟು ಸಾಧನಗಳಲ್ಲಿರುವುದನ್ನು ಓದುವುದಕ್ಕೆ ಮಾತ್ರ ಇರಲಿ, ಅದನ್ನು ಬದಲಾಯಿಸುವುದಕ್ಕೆ ಬೇಡ. ನಾನು ನೆಟ್‌ಮಿಕೋ ಎಂಬ ಪೈಥಾನ್ ಲೈಬ್ರರಿ ಬಳಸಿ ಮಾಡಿದ ಮೊದಲ ಕೆಲಸ ಇಷ್ಟೇ. ಬದಲಾವಣೆಗೆ ಮುಂಚೆ ಎಲ್ಲ ಸ್ವಿಚ್ಚುಗಳ ಟ್ರಂಕ್, ರೂಟ್, ನೆರೆಯ ಸಾಧನಗಳ ಪಟ್ಟಿ ತೆಗೆದಿಡುವುದು. ಆದ ಮೇಲೆ ಮತ್ತೆ ತೆಗೆದು ಹೋಲಿಸುವುದು. ಕೈಯಲ್ಲಿ ಮಾಡಿದ ತಪ್ಪು ಒಂದು ಸ್ವಿಚ್ಚಿಗೆ ಆಗುತ್ತದೆ, ಸ್ಕ್ರಿಪ್ಟಿನ ತಪ್ಪು ಐನೂರಕ್ಕೂ ಒಟ್ಟಿಗೇ ಆಗುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್ ಎರಡೂ ಸುಮಾರು ಆರು ಗಂಟೆ ನಿಂತವಲ್ವಾ? ನಿರ್ವಹಣೆಗೆ ಅಂತ ಕೊಟ್ಟ ಒಂದು ಕಮಾಂಡ್ ಅವರ ಡೇಟಾ ಸೆಂಟರ್‌ಗಳನ್ನೆಲ್ಲ ಜೋಡಿಸುವ ಬ್ಯಾಕ್‌ಬೋನನ್ನೇ ಕಡಿದಿತ್ತು. ಅದನ್ನು ತಡೆಯಬೇಕಿದ್ದ ತಪಾಸಣೆಯ ಸಾಧನದಲ್ಲೂ ದೋಷ ಇತ್ತು. ತುರ್ತಿಗೆಂದು ಇಟ್ಟ ಪ್ರತ್ಯೇಕ ದಾರಿಯೂ ಸಿಗದೆ, ಎಂಜಿನಿಯರ್‌ಗಳು ಡೇಟಾ ಸೆಂಟರ್‌ಗೇ ಹೋಗಬೇಕಾಯಿತು. ಅದನ್ನು ಓದಿದಾಗ ನನಗೆ ಮಹಾಪೆಯ ಆ ರಾತ್ರಿಯೇ ನೆನಪಾಯಿತು. ಮರುವಾರವೇ, ನೆಟ್‌ವರ್ಕ್ ಬಿದ್ದಾಗಲೂ ಸಾಧನಗಳನ್ನು ತಲುಪಲು ಇಟ್ಟ ನಮ್ಮ ಕನ್ಸೋಲ್ ಸರ್ವರ್‌ಗೆ ಬೇರೆ ಕಂಪನಿಯ ಇಂಟರ್ನೆಟ್ ಲೈನ್ ಹಾಕಿಸಿದೆ.

ಈಗ ಶನಿವಾರ ಸಂಜೆ ಐದಾರು ಜನ ನಮ್ಮ ಮನೆಗೆ ಬರುತ್ತಾರೆ. ನಾನು ಲ್ಯಾಬಿನಲ್ಲಿ ಏನಾದರೂ ಒಂದನ್ನು ಕೆಡಿಸಿಡುತ್ತೇನೆ. ಹೋದ ವಾರ ಒಂದು ಪಿಸಿಗೆ /24 ಬದಲು /25 ಮಾಸ್ಕ್ ಕೊಟ್ಟು, ಗೇಟ್‌ವೇ ತೆಗೆದಿದ್ದೆ. ಯಾವ ವಿಳಾಸಗಳು ತನ್ನ ನೆರೆಯವು ಅಂತ ಪಿಸಿಗೆ ಹೇಳುವುದು ಮಾಸ್ಕ್, ಉಳಿದವಕ್ಕೆ ಹೋಗುವ ದಾರಿ ಗೇಟ್‌ವೇ. /25 ಕೊಟ್ಟರೆ 256 ವಿಳಾಸಗಳಲ್ಲಿ ಅರ್ಧ ಮಾತ್ರ ನೆರೆಯವು. ಅರ್ಧ ನೆರೆಯವರಿಗೆ ಪಿಂಗ್ ಹೋಗುತ್ತದೆ, ಇನ್ನರ್ಧಕ್ಕೆ ಇಲ್ಲ. ಹುಡುಗರು ಕೇಬಲ್, ಪೋರ್ಟ್, ಫೈರ್‌ವಾಲ್ ಅಂತ ಹುಡುಕುತ್ತಿದ್ದರು. ಇಳಕಲ್ಲಿನಿಂದ ಬಂದ ಹುಡುಗಿಯೊಬ್ಬಳು ಕೀಬೋರ್ಡ್ ಮುಟ್ಟದೆ, ಯಾವ್ಯಾವ ವಿಳಾಸಕ್ಕೆ ಹೋಗುತ್ತಿಲ್ಲ ಅಂತ ಹಾಳೆಯಲ್ಲಿ ಬರೆಯುತ್ತಾ ಕೂತಳು. ಎಲ್ಲವೂ 128ರ ಮೇಲಿನವು. ಹಾಳೆ ನನ್ನ ಕಡೆ ತಿರುಗಿಸಿ, "ಅಣ್ಣಾ, ಮಾಸ್ಕ್ ತಪ್ಪೈತಿ" ಅಂದಳು. ಈ ಶನಿವಾರ ಅವರಿಗೆ ಹುಬ್ಬಳ್ಳಿಯ ಟನಲ್ ಕಟ್ಟಿಟ್ಟಿದ್ದೇನೆ.