ಕೆತ್ತನೆ ಮತ್ತು ಕಂಪ್ಯೂಟರ್ ರಿಪೇರಿ, ಒಂದೇ ಅಂಗಡಿಯಲ್ಲಿ ನಡೆಸುವುದು ಹೇಗೆ?

ಟ್ರೋಫಿಗೆ ಹೆಸರು ಕೆತ್ತುವುದು, ಕೆಟ್ಟ ಕಂಪ್ಯೂಟರ್ ಸರಿ ಮಾಡುವುದು. ಎತ್ತಣಿಂದೆತ್ತ ಅಂತ ಕೇಳುವವರೇ ಜಾಸ್ತಿ. ಆದರೆ ಕೊಡಗಿನಲ್ಲಿ ಇವೆರಡೂ ಒಂದೇ ಸೂರಿನಡಿ ಚೆನ್ನಾಗಿ ನಡೆಯುತ್ತವೆ, ಯಾಕೆಂದರೆ ಒಂದರ ಸೀಸನ್ ಮುಗಿಯುವ ಹೊತ್ತಿಗೆ ಇನ್ನೊಂದರದ್ದು ಶುರುವಾಗುತ್ತದೆ. ಏಪ್ರಿಲ್, ಮೇ ತಿಂಗಳು ಮದುವೆ ಮತ್ತು ಹಾಕಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಈಗ ನೂರಾರು ತಂಡಗಳು ಆಡುವಷ್ಟು ಬೆಳೆದಿದೆ. ಅದರ ಜೊತೆಗೆ ಊರೂರಿನ ಟೂರ್ನಿಗಳೂ ಇವೆ. ಕಪ್ಪು, ಶೀಲ್ಡು, ನೆನಪಿನ ಕಾಣಿಕೆ, ಎಲ್ಲಕ್ಕೂ ಹೆಸರು ಬೇಕಲ್ವಾ? ಜೂನ್‌ನಲ್ಲಿ ಮಳೆ ಹಿಡಿದರೆ ಕೆತ್ತನೆ ಕೆಲಸ ತಣ್ಣಗಾಗುತ್ತದೆ, ಕಂಪ್ಯೂಟರ್‌ಗಳು ಒಂದೊಂದಾಗಿ ಬರತೊಡಗುತ್ತವೆ.

ಇನ್ನೊಂದು ಹೋಲಿಕೆಯೂ ಇದೆ. ಕೆತ್ತಿದ ಅಕ್ಷರವನ್ನು ಅಳಿಸಲು ಬರುವುದಿಲ್ಲ. ಫಾರ್ಮ್ಯಾಟ್ ಆದ ಡಿಸ್ಕಿನಿಂದ ಫೋಟೊ ವಾಪಸ್ ಬರುತ್ತದೆಂಬ ಖಾತ್ರಿ ಇಲ್ಲ. ಹಾಗಾಗಿ ಮಷಿನ್‌ಗೂ ಮೊದಲು ಕೊಳ್ಳಬೇಕಾದದ್ದು ಕಾರ್ಬನ್ ಹಾಕಿ ಬರೆಯುವ ಒಂದು ರಸೀದಿ ಪುಸ್ತಕ.

ಮೊದಲು ಬರೆದುಕೊಳ್ಳಿ

ಕಂಪ್ಯೂಟರ್ ಬಂದರೆ ಮಾಡೆಲ್, ಸೀರಿಯಲ್ ನಂಬರ್, ಚಾರ್ಜರ್ ಕೊಟ್ಟಿದ್ದಾರೋ ಇಲ್ಲವೋ, ಸ್ಕ್ರೀನ್‌ನಲ್ಲಿ ಬಿರುಕು ಮೊದಲೇ ಇತ್ತೋ, ಎಲ್ಲ ಬರೆದು ಗಿರಾಕಿಯ ಸಹಿ ಹಾಕಿಸಿ. ತೊಂದರೆ ಏನು ಅನ್ನುವುದನ್ನು ಅವರು ಹೇಳಿದ ಮಾತಿನಲ್ಲೇ ಬರೆಯಿರಿ. ‘ಡೇಟಾ ಬೇಕಾ?’ ಅಂತ ಕೇಳಬೇಡಿ. ಹಾಗೆ ಕೇಳಿದರೆ ಹತ್ತರಲ್ಲಿ ಎಂಟು ಜನ ‘ಏನೂ ಇಲ್ಲ, ಎಲ್ಲ ತೆಗೀರಿ’ ಅಂತಾರೆ. ‘ಮಗಳ ಮದುವೆ ಫೋಟೊ ಇದರಲ್ಲಿದೆಯಾ? ತೋಟದ ಲೆಕ್ಕ? ಟ್ಯಾಲಿ?’ ಅಂತ ಒಂದೊಂದೇ ಕೇಳಿ. ಆಗ ನೆನಪಾಗುತ್ತದೆ. ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ಕಂಪ್ಯೂಟರ್ ತಂದಿದ್ದರೆ ಅಲ್ಲಿಂದಲೇ ಸಾಹುಕಾರರಿಗೆ ಒಂದು ಫೋನ್ ಮಾಡಿಸಿ. ಡೇಟಾ ಅವರದು, ಒಪ್ಪಿಗೆಯೂ ಅವರದೇ ಆಗಬೇಕು.

ಹೆಸರು ಕೆತ್ತುವ ಮುನ್ನ

ಹೆಚ್ಚು ನಷ್ಟ ಆಗುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಫೋನಿನಲ್ಲಿ ಹೇಳಿದ ಹೆಸರನ್ನು ಎಂದೂ ಕೆತ್ತಬೇಡಿ. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಅದನ್ನು ಇಂಗ್ಲಿಷ್‌ನಲ್ಲಿ ಅಣ್ಣ ಒಂದು ತರ ಬರೆದರೆ ತಮ್ಮ ಇನ್ನೊಂದು ತರ ಬರೆಯುತ್ತಾನೆ. ಇಬ್ಬರದೂ ಸರಿಯೇ! ಅವರ ಕೈಯಲ್ಲೇ ಕಾಗದದ ಮೇಲೆ ಬರೆಸಿ. ನೀವು ಟೈಪ್ ಮಾಡಿದ್ದನ್ನು ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು, ಕತ್ತರಿಸಿ, ಆ ಕಪ್ಪಿನ ಮೇಲೆಯೇ ಇಟ್ಟು ತೋರಿಸಿ ಸಹಿ ಹಾಕಿಸಿ.

ಕನ್ನಡ ಅಕ್ಷರಕ್ಕೆ ಇನ್ನೂ ಒಂದು ಜಾಗ್ರತೆ ಬೇಕು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಕೊಟ್ಟರೆ ಕೆಲವು ಹಳೆಯ ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಬಿಡಿಸಿಕೊಂಡು ಪಕ್ಕಕ್ಕೆ ಹೋಗಿ ಕೂರುತ್ತದೆ. ಗೋಣಿಕೊಪ್ಪಲು, ಪೊನ್ನಂಪೇಟೆ, ಶ್ರೀಮಂಗಲ ಈ ಮೂರನ್ನು ಟೈಪ್ ಮಾಡಿ ನೋಡಿ, ಸರಿಯಾಗಿ ಬಂದರೆ ಮುಂದುವರಿಯಿರಿ. ಆಮೇಲೆ ಅಕ್ಷರಗಳನ್ನು ಕರ್ವ್‌ಗೆ, ಅಂದರೆ ಫಾಂಟ್ ಬೇಡದ ಗೆರೆಚಿತ್ರಕ್ಕೆ, ಬದಲಾಯಿಸಿಯೇ ಮಷಿನ್‌ಗೆ ಕಳಿಸಿ. ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಜಾಸ್ತಿ ಜಾಗ ಬಿಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರ ತೀರಾ ಚಿಕ್ಕದಾದರೆ ಒತ್ತಿನ ಒಳಗಿನ ಜಾಗ ಮುಚ್ಚಿಹೋಗಿ ಬರೀ ಚುಕ್ಕೆ ಉಳಿಯುತ್ತದೆ.

ಮತ್ತೊಂದು ವಿಷಯ, ಇದು ನಮ್ಮ ಕಡೆಯದ್ದೇ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂದಾಗ ಕೋವಿಗೆ ಹೆಸರು ಹಾಕಿಕೊಡಿ ಅಂತ ಯಾರಾದರೂ ಬಂದರೆ ಒಪ್ಪಿಕೊಳ್ಳಬೇಡಿ. ಕೋವಿಯ ಮೇಲಿನ ನಂಬರ್, ಗುರುತು ಅಳಿಸುವುದು, ಬದಲಾಯಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಬರೀ ಹೆಸರು ತಾನೇ ಅಂತ ಹೋಗಿ ನಂಬರಿನ ಹತ್ತಿರ ಕೈ ಹಾಕುವುದು ಯಾಕೆ? ಪೆಟ್ಟಿಗೆಗೆ ಒಂದು ಹಿತ್ತಾಳೆ ತಗಡು ಮಾಡಿಕೊಡಿ, ಸಾಕು.

ಯಾವ ಮಷಿನ್?

ಮರ, ಅಕ್ರಿಲಿಕ್, ಚರ್ಮಕ್ಕೆ ಸಿಒ2 ಲೇಸರ್. ಸ್ಟೀಲ್, ಹಿತ್ತಾಳೆ, ತಾಮ್ರಕ್ಕೆ ಫೈಬರ್ ಲೇಸರ್. ಒಂದರಲ್ಲೇ ಎರಡೂ ಆಗುತ್ತದೆ ಅನ್ನುವ ಮಾರಾಟಗಾರರ ಮಾತು ನಂಬಬೇಡಿ. ಮದುವೆ ಪಾತ್ರೆಗೆ ಹೆಸರು ಹಾಕಲು ಮಾತ್ರವಾದರೆ ಕೈಯಲ್ಲಿ ಹಿಡಿದು ಕೊರೆಯುವ ಕರೆಂಟಿನ ಮಷಿನ್ ಸಾಕು. ಮರಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಕೆತ್ತಿದರೆ ಹೊಗೆಯ ಕಲೆ ಕೂರುವುದಿಲ್ಲ. ಪಿವಿಸಿ ಶೀಟನ್ನು ಮಾತ್ರ ಲೇಸರ್ ಹತ್ತಿರವೂ ತರಬೇಡಿ. ಅದು ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ, ಶ್ವಾಸಕೋಶವೂ ಹಾಳು, ಮಷಿನ್ನೂ ತುಕ್ಕು. ಸಿಒ2 ಟ್ಯೂಬಿನಲ್ಲಿ ನೀರು ಹರಿಯುತ್ತಿದೆಯೇ ಅಂತ ನೋಡಿಯೇ ಶುರು ಮಾಡಿ, ಓಡುವ ಮಷಿನ್ ಬಿಟ್ಟು ಕಾಫಿಗೆ ಹೋಗಬೇಡಿ. ಲೇಸರ್ ಇರುವ ಕೋಣೆಯಲ್ಲಿ ಕಂಪ್ಯೂಟರ್ ಬಿಚ್ಚುವುದೂ ಬೇಡ. ಆ ಹೊಗೆಯ ಜಿಡ್ಡು ಗಿರಾಕಿಯ ಫ್ಯಾನಿಗೆ ಹೋಗಿ ಕೂರುತ್ತದೆ.

ಮಳೆಗಾಲದ ರಿಪೇರಿ

ಒದ್ದೆ ಜೀಪಿನಿಂದ ಇಳಿಸಿದ ಸಿಪಿಯುಗೆ ತಕ್ಷಣ ಕರೆಂಟ್ ಕೊಡಬೇಡಿ. ಬಿಚ್ಚಿ, ತೇವ ಪೂರ್ತಿ ಆರುವ ತನಕ ಬೆಚ್ಚಗಿನ ಜಾಗದಲ್ಲಿಡಿ. ಆನ್ ಆಗುತ್ತದೆ, ಚಿತ್ರ ಬರುವುದಿಲ್ಲ ಅಂದರೆ ಮೊದಲು ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಮತ್ತೆ ಕೂರಿಸಿ. ಮಳೆಗಾಲದಲ್ಲಿ ಅರ್ಧ ಕೇಸು ಇಷ್ಟರಲ್ಲೇ ಮುಗಿಯುತ್ತದೆ. ತಾರೀಖು ಪ್ರತಿ ಸಲ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನಲ್ಲಿರುವ ಬಿಲ್ಲೆಯಂಥ ಸಿಆರ್2032 ಸೆಲ್ ಬದಲಿಸಿ. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಡೇಟಾ ಮುಖ್ಯವೋ ಡಿಸ್ಕ್ ಮುಖ್ಯವೋ ಅಂತ ಗಿರಾಕಿಯನ್ನು ಕೇಳಿ, ಆಮೇಲೆ ಮುಂದಿನ ಮಾತು.

ಸಿಡಿಲಿನ ಹಾವಳಿ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ಹೊತ್ತಿಗೇ ಶುರು. ಪ್ಲಗ್ ಕಿತ್ತರೂ ಇಂಟರ್ನೆಟ್ ಕೇಬಲ್ ಹಾಗೇ ಬಿಟ್ಟರೆ ಅದರ ಮೂಲಕವೂ ಬೋರ್ಡ್ ಸುಡುತ್ತದೆ. ಎರಡನ್ನೂ ಕೀಳಲು ಗಿರಾಕಿಗಳಿಗೆ ಹೇಳಿ. ಒಂದೇ ಮನೆಯಿಂದ ಪದೇ ಪದೇ ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಕರೆಂಟ್ ಹಂಚುವ ಪೆಟ್ಟಿಗೆ) ಸುಟ್ಟು ಬರುತ್ತಿದ್ದರೆ ಅದು ಕಂಪ್ಯೂಟರಿನ ರೋಗ ಅಲ್ಲ. ಮಲ್ಟಿಮೀಟರ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆಯಿರಿ, ಎರಡು ಮೂರು ವೋಲ್ಟಿಗಿಂತ ಜಾಸ್ತಿ ಇದ್ದರೆ ಎಲೆಕ್ಟ್ರಿಷಿಯನ್ ಕರೆಸಲು ಹೇಳಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಕಂಪನಿಯ ಮಾಮೂಲಿ ಬೆಂಬಲ ನಿಂತಿದೆ. ಹಳೆ ಮಷಿನ್‌ಗೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ ವೇಗದ ಡಿಸ್ಕ್) ಹಾಕಿಕೊಡುವ ಮುನ್ನ ಅದನ್ನೂ ತಿಳಿಸಿ.

ದುಡ್ಡು, ಸ್ಟಾಕು

ನೋಡುವುದಕ್ಕೇ ಒಂದು ಚಾರ್ಜ್ ಇಡಿ, ರಿಪೇರಿ ಮಾಡಿಸಿದರೆ ಬಿಲ್ಲಿನಲ್ಲಿ ಕಳೆಯಿರಿ. ಪರಿಚಯದವರು ಮುಖ ಊದಿಸುತ್ತಾರೆ, ಊದಿಸಲಿ. ಕೆತ್ತನೆಗೆ ಅರ್ಧ ಅಡ್ವಾನ್ಸ್ ಕಡ್ಡಾಯ, ಯಾಕೆಂದರೆ ಒಬ್ಬರ ಹೆಸರಿರುವ ಶೀಲ್ಡು ಇನ್ನೊಬ್ಬರಿಗೆ ಮಾರಲಾಗದು. ವರ್ಷದ ವಹಿವಾಟು 20 ಲಕ್ಷ ದಾಟಿದರೆ ರಿಪೇರಿಯಂಥ ಸೇವೆ ಇರುವ ಅಂಗಡಿಗೆ ಜಿಎಸ್‌ಟಿ ನೋಂದಣಿ ಬೇಕು. ಬರೀ ಸಾಮಾನು ಮಾರುವವರಿಗಿರುವ 40 ಲಕ್ಷದ ಮಿತಿ ನಿಮಗಲ್ಲ.

ಬಿಡಿಭಾಗಕ್ಕೆ ಮೈಸೂರು, ಬೆಂಗಳೂರನ್ನೇ ನಂಬಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆಗಿದ್ದನ್ನು ಯಾರೂ ಮರೆತಿಲ್ಲ. ಅದು ಮಂಗಳೂರಿನ ಕಡೆಯದಾದರೂ ಮಳೆಗಾಲದಲ್ಲಿ ಯಾವ ರಸ್ತೆಯನ್ನೂ ನಂಬಲಾಗದು. ಮೇ ಮುಗಿಯುವುದರೊಳಗೆ ಒಂದಿಷ್ಟು ಎಸ್‌ಎಂಪಿಎಸ್, ರ‍್ಯಾಮ್, 256 ಜಿಬಿಯ ಎಸ್‌ಎಸ್‌ಡಿ, ಯುಪಿಎಸ್ ಬ್ಯಾಟರಿ ತರಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಮುಚ್ಚಳದ ಡಬ್ಬದಲ್ಲಿಡಿ. ಬ್ಯಾಟರಿ ಮಾತ್ರ ಹೊರಗಿರಲಿ, ಅದನ್ನು ಆಗಾಗ ಚಾರ್ಜ್ ಮಾಡುತ್ತಿರಬೇಕು.